ಸ್ಟಿಯರಿಕ್ ಆಸಿಡ್ ಹರಳಿಗೆ ಯಾವ ದ್ರಾವಕ, ಯಾವ ಸೇರ್ಪಡೆ? ಮಲೆನಾಡಿನ ಲ್ಯಾಬಿನಲ್ಲಿ ಆರಿಸುವ ಬಗೆ

ಕೊಬ್ಬಿನಿಂದ ಸಿಗುವ ಮೇಣದಂಥ ವಸ್ತು ಸ್ಟಿಯರಿಕ್ ಆಸಿಡ್. ಅದರ ಹರಳು ಬೆಳೆಸುವ ಪ್ರಾಜೆಕ್ಟ್ ಹಿಡಿದ ಎಂ.ಎಸ್ಸಿ. ಹುಡುಗರು, ಶಿವಮೊಗ್ಗದವರಾಗಲಿ, ಶಂಕರಘಟ್ಟದವರಾಗಲಿ, ಸಾಗರದವರಾಗಲಿ, ಮೊದಲು ಕೇಳುವುದು ಒಂದೇ. "ಸರ್, ಹೆಕ್ಸೇನ್ ತಗೊಳ್ಲಾ, ಅಸಿಟೋನ್ ತಗೊಳ್ಲಾ?" ಒಳ್ಳೆ ಪ್ರಶ್ನೆಯೇ. ಆದರೆ ಅದಕ್ಕೂ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಬೇಕು. ನಿಮ್ಮ ಲ್ಯಾಬಿನಲ್ಲಿ ಈಗ ಎಷ್ಟು ಡಿಗ್ರಿ ಇದೆ?

ಯಾಕೆ ಅಂದರೆ, ಸ್ಟಿಯರಿಕ್ ಆಸಿಡ್ಡಿನ ಎರಡು ಮುಖ್ಯ ಹರಳು ರೂಪಗಳ, ಅಂದರೆ ಅಣುಗಳು ಒಳಗೆ ಜೋಡಣೆಯಾಗುವ ಎರಡು ಬಗೆಗಳ, ನಡುವಿನ ಗಡಿ ಇರುವುದು ಸುಮಾರು 32 ಡಿಗ್ರಿಯಲ್ಲಿ. ಅದಕ್ಕಿಂತ ತಂಪಿದ್ದರೆ ಬಿ ರೂಪ ಸ್ಥಿರ. ಅದಕ್ಕಿಂತ ಬಿಸಿಯಿದ್ದರೆ ಸಿ ರೂಪ ಸ್ಥಿರ. ಈಗ ನಮ್ಮ ಕಡೆಯ ಹವೆ ನೆನಪಿಸಿಕೊಳ್ಳಿ. ಜನವರಿ ಬೆಳಗ್ಗೆ ತೀರ್ಥಹಳ್ಳಿ ಕಡೆ ಕೈ ಮರಗಟ್ಟುವ ಚಳಿ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದ ಲ್ಯಾಬಿನಲ್ಲಿ ಫ್ಯಾನ್ ತಿರುಗುತ್ತಿದ್ದರೂ 34, 35. ಅಂದರೆ ಏಸಿ ಇಲ್ಲದ ನಮ್ಮ ಲ್ಯಾಬುಗಳು ವರ್ಷದಲ್ಲಿ ಆ ಗಡಿಯನ್ನು ಆಚೆ ಈಚೆ ದಾಟುತ್ತಲೇ ಇರುತ್ತವೆ. ಅದೇ ದ್ರಾವಕ, ಅದೇ ಬಾಟಲಿ, ಅದೇ ವಿಧಾನ ಇಟ್ಟುಕೊಂಡು ಒಬ್ಬರು ಚಳಿಗಾಲದಲ್ಲಿ ಒಂದು ರೂಪ ಪಡೆದು, ಅವರ ಜೂನಿಯರ್ ಬೇಸಿಗೆಯಲ್ಲಿ ಇನ್ನೊಂದು ಪಡೆದು, ಇಬ್ಬರೂ ದ್ರಾವಕದ ಶುದ್ಧತೆಯ ಮೇಲೆ ತಪ್ಪು ಹೊರಿಸುವುದು ಇದಕ್ಕೇ.

ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇಷ್ಟು. ಕೊನೆಗೆ ಯಾವ ರೂಪ ಉಳಿಯಬೇಕು ಅನ್ನೋದನ್ನ ತೀರ್ಮಾನಿಸುವುದು ಉಷ್ಣತೆ. ಅದು ಎಷ್ಟು ಬೇಗ ಬರುತ್ತದೆ, ಮೊದಲು ಯಾವ ರೂಪ ಮೂಡುತ್ತದೆ ಅನ್ನೋದು ದ್ರಾವಕದ ಕೈಲಿದೆ. ಸೇರ್ಪಡೆಗಳ, ಅಂದರೆ ದ್ರಾವಣಕ್ಕೆ ಚೂರು ಬೆರೆಸುವ ಬೇರೆ ವಸ್ತುಗಳ, ಕೆಲಸ ಹೆಚ್ಚಾಗಿ ನಿಧಾನ ಮಾಡುವುದು. ಈ ಕ್ರಮ ಮನಸ್ಸಿನಲ್ಲಿದ್ದರೆ ಆಯ್ಕೆ ಸುಲಭ.

ರೂಪ ಬೇರೆ, ಆಕಾರ ಬೇರೆ

ಸ್ಟಿಯರಿಕ್ ಆಸಿಡ್ ಅಣು ಅಂದರೆ 18 ಕಾರ್ಬನ್‌ಗಳ ಉದ್ದನೆ ಸರಪಳಿ, ಒಂದು ತುದಿಯಲ್ಲಿ ಆಸಿಡ್ ತಲೆ. ಎರಡು ಅಣುಗಳು ತಲೆಗೆ ತಲೆ ಕೊಟ್ಟು ಹೈಡ್ರೋಜನ್ ಬಂಧದಲ್ಲಿ ಜೋಡಿಯಾಗುತ್ತವೆ. ಆ ಜೋಡಿಗಳು ಸಾಲಾಗಿ ನಿಂತು ಪದರ ಆಗುತ್ತವೆ, ಪದರದ ಮೇಲೆ ಪದರ ಕೂತು ಹರಳು ಆಗುತ್ತದೆ. ಇಲ್ಲಿ ಗಮನಿಸಬೇಕಾದ್ದು ಓರೆ. ಅಡಿಕೆ ದಬ್ಬೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುವಾಗ ಜಾಸ್ತಿ ಓರೆ ಮಾಡಿದರೆ ಸಾಲಿನ ಎತ್ತರ ತಗ್ಗುತ್ತದೆ, ನೇರ ಮಾಡಿದರೆ ಏರುತ್ತದೆ, ಅಲ್ವಾ? ಸಿ ರೂಪದಲ್ಲಿ ಸರಪಳಿಗಳು ಜಾಸ್ತಿ ಓರೆ, ಪದರದ ದಪ್ಪ ಸುಮಾರು 39.8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು). ಬಿ ರೂಪದಲ್ಲಿ ಓರೆ ಕಡಿಮೆ, ದಪ್ಪ ಸುಮಾರು 43.9. ಬಿ ರೂಪದಲ್ಲಿ ಇನ್ನೊಂದು ವಿಶೇಷವಿದೆ. ಆಸಿಡ್ ತಲೆಯ ಹತ್ತಿರ ಸರಪಳಿ ಒಂದು ಕಡೆ ತಿರುಚಿಕೊಂಡಿರುತ್ತದೆ. ಸಿ ರೂಪದ ಸರಪಳಿ ಉದ್ದಕ್ಕೂ ನೇರ.

ಇವೆರಡಲ್ಲದೆ ಎ ಮತ್ತು ಇ ಅನ್ನುವ ರೂಪಗಳೂ ಇವೆ. ಎ ರೂಪ ಅಸ್ಥಿರ. ಅವಸರದಲ್ಲಿ ಆವಿಯಾಗಿಸಿದಾಗ, ದಿಢೀರ್ ತಂಪು ಮಾಡಿದಾಗ ಕಾಣಿಸಿಕೊಂಡು, ದ್ರಾವಣದಲ್ಲೇ ಬಿಟ್ಟರೆ ಬಿ ಅಥವಾ ಸಿ ಆಗಿಬಿಡುತ್ತದೆ. ಇ ರೂಪ ಬಹಳ ಸಲ ಬಿ ಜೊತೆ ಬೆರೆತೇ ಬರುತ್ತದೆ. ಒಂದು ಸೆಮಿಸ್ಟರ್ ಪ್ರಾಜೆಕ್ಟಿಗೆ ಈ ಎರಡನ್ನು ಗುರಿ ಇಟ್ಟುಕೊಳ್ಳಬೇಡಿ ಅನ್ನೋದು ನನ್ನ ಮಾತು. ಬಿ ಮತ್ತು ಸಿ ಸಾಕು, ಅದರಲ್ಲೇ ಬೇಕಾದಷ್ಟು ಕೆಲಸವಿದೆ.

ಈಗ ರೂಪ ಮತ್ತು ಆಕಾರದ ಗೊಂದಲ. ಒಳಗಿನ ಜೋಡಣೆ ಬೇರೆಯಾದರೆ ರೂಪ ಬೇರೆ. ಒಳಗಿನ ಜೋಡಣೆ ಅದೇ ಇದ್ದು, ಹೊರಗೆ ಒಂದು ಕಡೆ ಜಾಸ್ತಿ ಬೆಳೆದು ತೆಳು ಹಾಳೆಯೋ ದಪ್ಪ ತುಂಡೋ ಆದರೆ ಅದು ಆಕಾರ ಮಾತ್ರ. ಸೇರ್ಪಡೆ ಹಾಕಿದ ಮೇಲೆ ಹರಳು ಸಣ್ಣಗೆ ಉದ್ದುದ್ದ ಬಂತು ಅಂತ "ಹೊಸ ರೂಪ ಸಿಕ್ಕಿತು" ಎಂದು ರಿಪೋರ್ಟ್ ಬರೆಯುವವರಿದ್ದಾರೆ. ಹಾಗೆ ಬರೆಯುವ ಮುಂಚೆ ಅಳೆದು ನೋಡಿ.

ಅಳೆಯುವುದಕ್ಕೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಸ್ಟಿಯರಿಕ್ ಆಸಿಡ್ ದ್ರಾವಣದಿಂದ ನಿಧಾನವಾಗಿ ಬೆಳೆದರೆ ವಜ್ರಾಕೃತಿಯ ತೆಳು ಬಿಲ್ಲೆಗಳಾಗುತ್ತದೆ, ಸ್ಲೈಡಿನ ಮೇಲೆ ತಾನಾಗೇ ಮಟ್ಟಸವಾಗಿ ಮಲಗುತ್ತದೆ. ಮಾಮೂಲಿ ಕಾಲೇಜು ಮೈಕ್ರೋಸ್ಕೋಪಿನಲ್ಲಿ ಇಟ್ಟು, ಮೊಬೈಲ್ ಕ್ಯಾಮೆರಾವನ್ನು ಕಣ್ಣಿನ ಲೆನ್ಸಿಗೆ ಹಿಡಿದು ಫೋಟೋ ತೆಗೆಯಿರಿ. ಆ ವಜ್ರಾಕೃತಿಯ ಚೂಪು ಮೂಲೆಯ ಕೋನ ಅಳೆಯಿರಿ. ಸುಮಾರು 56 ಡಿಗ್ರಿ ಇದ್ದರೆ ಸಿ. ಸುಮಾರು 74 ಇದ್ದರೆ ಬಿ. ಇದು ಹೇಳಿಕೆಯ ಮಾತಲ್ಲ, ಹರಳಿನ ಒಳಗಿನ ಅಳತೆಯಿಂದ ನೇರ ಬರುವ ಲೆಕ್ಕ. ಸಿ ರೂಪದ ಕೋಶದ, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಸಣ್ಣ ಘಟಕದ, ಎರಡು ಬದಿ ಸುಮಾರು 9.36 ಮತ್ತು 4.95 ಆಂಗ್‌ಸ್ಟ್ರಾಮ್. ಬಿ ರೂಪದ್ದು 5.59 ಮತ್ತು 7.40. ಚಿಕ್ಕ ಬದಿಯನ್ನು ದೊಡ್ಡ ಬದಿಯಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ವಿಲೋಮ ಹಾಕಿ ಎರಡರಿಂದ ಗುಣಿಸಿ, ಕೋನ ಅಲ್ಲೇ ಸಿಗುತ್ತದೆ. ಇ ರೂಪದ ಕೋನವೂ ಬಿ ಹತ್ತಿರವೇ ಇರುವುದರಿಂದ ಅವೆರಡನ್ನು ಹೀಗೆ ಬೇರೆ ಮಾಡಲು ಆಗುವುದಿಲ್ಲ. ಆದರೆ ಬಿ ಮತ್ತು ಸಿ ನಡುವೆ ಅನುಮಾನವೇ ಉಳಿಯುವುದಿಲ್ಲ.

ಎಕ್ಸ್-ರೇ ಯಂತ್ರಕ್ಕೆ ಕಳಿಸುವ ಅವಕಾಶವಿದ್ದರೆ ಒಂದು ಸೂಚನೆ. ಪದರದ ಮೊದಲ ಗೆರೆ 2 ಡಿಗ್ರಿ ಆಸುಪಾಸಿನಲ್ಲಿ ಬರುತ್ತದೆ, ತುಂಬಾ ಕಡೆ ಯಂತ್ರದ ಅಳತೆ ಶುರುವಾಗುವುದೇ 5 ಡಿಗ್ರಿಯಿಂದ. ಗಾಬರಿ ಬೇಡ. ಮೂರನೇ ಗೆರೆ ನೋಡಿ. ಯಂತ್ರದ ಎಕ್ಸ್-ರೇ ಟ್ಯೂಬ್ ತಾಮ್ರದ್ದಾದರೆ ಬಿ ರೂಪದ್ದು ಸುಮಾರು 6.0 ಡಿಗ್ರಿಯಲ್ಲಿ, ಸಿ ರೂಪದ್ದು ಸುಮಾರು 6.7 ರಲ್ಲಿ ಸಿಗುತ್ತದೆ. ಸ್ಯಾಂಪಲ್ ಕಳಿಸುವಾಗಲೇ "5 ಡಿಗ್ರಿಯಿಂದ ಶುರು ಮಾಡಿ, 10 ರಿಂದ ಬೇಡ" ಅಂತ ಚೀಟಿಯಲ್ಲಿ ಬರೆದುಬಿಡಿ.

ದ್ರಾವಕಗಳ ಹೋಲಿಕೆ

ಪುಸ್ತಕದಲ್ಲಿ ಸಿಗುವ ಹಳೆಯ ನಿಯಮ ಹೀಗಿದೆ: ಹೆಕ್ಸೇನಿನಂಥ ಪೋಲಾರ್ ಅಲ್ಲದ (ಎಣ್ಣೆಯ ಗುಣದ) ದ್ರಾವಕದಿಂದ ನಿಧಾನವಾಗಿ ಬೆಳೆಸಿದರೆ ಬಿ, ಎಥನಾಲಿನಂಥ ಪೋಲಾರ್ ದ್ರಾವಕದಿಂದ ಅಥವಾ ಕರಗಿಸಿ ಆರಿಸಿದರೆ ಸಿ. ಒಲವಿನ ಮಟ್ಟಿಗೆ ಇದು ಸರಿ. ಹೆಕ್ಸೇನಿನಲ್ಲಿ ಆಸಿಡ್ ಅಣುಗಳು ಜೋಡಿಯಾಗಿಯೇ ತೇಲುತ್ತಿರುತ್ತವೆ, ಹರಳಿಗೆ ಬೇಕಾದ ಜೋಡಿ ಮೊದಲೇ ಸಿದ್ಧ. ಎಥನಾಲಿನಲ್ಲಿ ದ್ರಾವಕವೇ ಆಸಿಡ್ ತಲೆಗೆ ಹೈಡ್ರೋಜನ್ ಬಂಧ ಕಟ್ಟಿ ಹಿಡಿದುಕೊಳ್ಳುತ್ತದೆ, ಹರಳಿನ ಅಂಚಿಗೆ ಬಂದು ಕೂರುವಾಗ ಆ ಹಿಡಿತ ಬಿಡಿಸಿಕೊಳ್ಳಬೇಕು. ಹಾಗಾಗಿ ಮೊದಲ ಹರಳು ಹುಟ್ಟುವ ಗಳಿಗೆಯಲ್ಲಿ ದ್ರಾವಕದ ಮಾತು ನಡೆಯುತ್ತದೆ. ಆದರೆ ಹುಟ್ಟಿದ ಮೇಲೆ? ಹರಳನ್ನು ದ್ರಾವಣದಲ್ಲೇ ಕದಡುತ್ತಾ ಬಿಟ್ಟರೆ ಅಸ್ಥಿರ ರೂಪ ಕರಗುತ್ತದೆ, ಸ್ಥಿರ ರೂಪ ಬೆಳೆಯುತ್ತದೆ. ದ್ರಾವಕ ಯಾವುದೇ ಇರಲಿ, 32ಕ್ಕಿಂತ ಕೆಳಗೆ ಗೆಲ್ಲುವುದು ಬಿ. ದ್ರಾವಕದಲ್ಲಿ ಜಾಸ್ತಿ ಕರಗುವಂತಿದ್ದರೆ ಈ ಬದಲಾವಣೆ ಬೇಗ, ಕಡಿಮೆ ಕರಗುವಂತಿದ್ದರೆ ನಿಧಾನ. ಜಪಾನಿನ ಕಿಯೋತಾಕಾ ಸಾಟೋ, ಇಸ್ರೇಲಿನ ನಿಸ್ಸಿಮ್ ಗಾರ್ಟಿ, ಫ್ರಾನ್ಸಿನ ಬ್ವಾಸ್ಟೆಲ್ ಇವರೆಲ್ಲ 1980ರ ದಶಕದಲ್ಲಿ ಸ್ಟಿಯರಿಕ್ ಆಸಿಡ್ ಮೇಲೆ ದ್ರಾವಕ ಬದಲಿಸಿ ಬದಲಿಸಿ ಕೂತು ಅಳೆದ ಕೆಲಸದಿಂದಲೇ ಈ ಚಿತ್ರ ಇಷ್ಟು ಸ್ಪಷ್ಟವಾಗಿದ್ದು. ಈ ವಿಷಯದಲ್ಲಿ ಓದುವುದಿದ್ದರೆ ಅವರ ಪೇಪರುಗಳಿಂದಲೇ ಶುರು ಮಾಡಿ.

ಹೆಕ್ಸೇನ್ ಮತ್ತು ಅದರ ಬಳಗ. ಬಿ ರೂಪ ಬೇಕಿದ್ದರೆ ನನ್ನ ಮೊದಲ ಆಯ್ಕೆ ಈ ಗುಂಪು. 100 ಗ್ರಾಂ ಹೆಕ್ಸೇನಿನಲ್ಲಿ ಸ್ಟಿಯರಿಕ್ ಆಸಿಡ್ 20 ಡಿಗ್ರಿಯಲ್ಲಿ ಕರಗುವುದು ಸುಮಾರು ಅರ್ಧ ಗ್ರಾಂ, 30 ರಲ್ಲಿ 4 ಗ್ರಾಂ ದಾಟುತ್ತದೆ, 40 ರಲ್ಲಿ ಸುಮಾರು 19 ಗ್ರಾಂ. ಇದರ ಅರ್ಥ ಏನು? 4 ಗ್ರಾಂ ಹಾಕಿ 30 ರಿಂದ 20ಕ್ಕೆ ಇಳಿಸಿದರೆ ಮೂರೂವರೆ ಗ್ರಾಂ ಹರಳಾಗಿ ಕೈಗೆ ಬರುತ್ತದೆ, ಅದೂ ಪೂರ್ತಿ ಬಿ ರೂಪದ ಸೀಮೆಯೊಳಗೇ ಇದ್ದುಕೊಂಡು. ಇದಕ್ಕಿಂತ ಒಳ್ಳೆ ಹೊಂದಾಣಿಕೆ ಇಲ್ಲ. 19 ಗ್ರಾಂ ಕರಗಿಸಿ 40 ರಿಂದ ಇಳಿಸುವ ದುರಾಸೆ ಬೇಡ. ಅಲ್ಲಿ ಹರಳು ಹುಟ್ಟುವುದೇ ಗಡಿಯ ಮೇಲುಭಾಗದಲ್ಲಿ, ಜೊತೆಗೆ ಒಮ್ಮೆಲೇ ದಬದಬ ಬಿದ್ದು ರೂಪಗಳು ಬೆರೆತುಹೋಗುತ್ತವೆ.

ಆದರೆ ನಾರ್ಮಲ್ ಹೆಕ್ಸೇನ್ ಆವಿ ನರಗಳಿಗೆ ಹಾನಿ ಮಾಡುತ್ತದೆ, ದಿನಾ ಉಸಿರಾಡಿದರೆ ಕೈಕಾಲು ಮರಗಟ್ಟುವ ಕಾಯಿಲೆ ಬರುತ್ತದೆ. ಹೆಪ್ಟೇನ್ ಸಿಕ್ಕರೆ ಅದನ್ನೇ ತಗೊಳ್ಳಿ. ಕೆಲಸ ಹೆಚ್ಚುಕಡಿಮೆ ಅದೇ, ನರದ ತೊಂದರೆ ಆ ಮಟ್ಟಿಗಿಲ್ಲ, 98 ಡಿಗ್ರಿಯಲ್ಲಿ ಕುದಿಯುವುದರಿಂದ ಬೇಗ ಹಾರಿಯೂ ಹೋಗುವುದಿಲ್ಲ. ನಮ್ಮ ಕಾಲೇಜು ಲ್ಯಾಬುಗಳ ಬೀರುವಿನಲ್ಲಿ ಸಾಮಾನ್ಯವಾಗಿ ಇರುವುದು ಪೆಟ್ರೋಲಿಯಂ ಈಥರ್ 60–80 (60 ರಿಂದ 80 ಡಿಗ್ರಿಯೊಳಗೆ ಕುದಿಯುವುದು). ಅದೂ ನಡೆಯುತ್ತದೆ. ಅದು ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ ಅನ್ನೋದು ನೆನಪಿರಲಿ, ಕರಗುವಿಕೆಯ ಅಂಕಿ ಪುಸ್ತಕದಿಂದ ಎತ್ತಬೇಡಿ, ನೀವೇ ಅಳೆಯಿರಿ. ಬೆಂಜೀನ್ ಹಳೆ ಪೇಪರುಗಳಲ್ಲಿ ತುಂಬಾ ಕಾಣಿಸುತ್ತದೆ. ಅದು ಕ್ಯಾನ್ಸರ್ ತರುವ ವಸ್ತು, ಮುಟ್ಟಲೇಬೇಡಿ. ಟೊಲ್ವೀನ್ 111ಕ್ಕೆ ಕುದಿಯುತ್ತದೆ, ಹರಳಿನಿಂದ ಬಿಡಿಸುವುದು ಕಷ್ಟ, ಬೇರೆ ಇರುವಾಗ ಯಾಕೆ?

ಎಥನಾಲ್. 20 ಡಿಗ್ರಿಯಲ್ಲಿ 100 ಗ್ರಾಂಗೆ ಸುಮಾರು 2 ಗ್ರಾಂ, 30 ರಲ್ಲಿ 5 ಚಿಲ್ಲರೆ, 40 ರಲ್ಲಿ 20 ದಾಟುತ್ತದೆ. ಕೈಗೆ ಹಿತ, ವಾಸನೆ ಸಹ್ಯ, ಮೊದಲ ಸಲ ಮಾಡುವವರಿಗೆ ಧೈರ್ಯ ಕೊಡುವ ದ್ರಾವಕ. ಶುದ್ಧ ಮಾಡುವುದಷ್ಟೇ ಉದ್ದೇಶವಾದರೆ, ಅಂದರೆ ರೂಪ ಯಾವುದಾದರೂ ಸರಿ, ಕೊಳೆ ಹೋಗಲಿ ಅಂತಿದ್ದರೆ, ಎಥನಾಲೇ ಸಾಕು. ರೂಪದ ವಿಷಯಕ್ಕೆ ಬಂದರೆ ಎರಡು ಎಚ್ಚರಿಕೆ. ಒಂದು, ಡಿನೇಚರ್ಡ್ ಸ್ಪಿರಿಟ್ ಬೇಡ. ಕುಡಿಯದಿರಲಿ ಅಂತ ಅದರಲ್ಲಿ ಏನೇನೋ ಬೆರೆಸಿರುತ್ತಾರೆ, ಆ ಬೆರಕೆಯೆಲ್ಲ ನಿಮಗೆ ಗೊತ್ತಿಲ್ಲದ ಸೇರ್ಪಡೆ. ಎರಡು, ಗಂಟೆಗಟ್ಟಲೆ ಕುದಿಸಬೇಡಿ. ಆಸಿಡ್ಡೂ ಆಲ್ಕೋಹಾಲೂ ಸೇರಿ ಸ್ವಲ್ಪ ಎಸ್ಟರ್ ಆಗುತ್ತದೆ, ಅದೂ ಬೆರಕೆಯೇ. ಮೆಥನಾಲಿಗೂ ಇದೇ ಮಾತು, ಮೇಲೆ ಕಣ್ಣಿಗೆ ಅಪಾಯ ಬೇರೆ. ಕಾರ್ಖಾನೆಯಲ್ಲಿ ಮೆಥನಾಲಿಗೆ ಒಂದು ದೊಡ್ಡ ಜಾಗವಿದೆ. ಎಮರ್ಸಾಲ್ ವಿಧಾನದಲ್ಲಿ ಶೇಕಡಾ 90ರ ಮೆಥನಾಲಿನಿಂದ ತಂಪು ಮಾಡಿ ಸ್ಟಿಯರಿಕ್, ಅದರ ಬಂಧುವಾದ ಪಾಮಿಟಿಕ್ ಆಸಿಡ್‌ಗಳನ್ನು ದ್ರವವಾಗಿರುವ ಓಲಿಯಿಕ್ ಆಸಿಡ್‌ನಿಂದ ಬೇರೆ ಮಾಡುತ್ತಾರೆ. ಕಾಲೇಜಿಗೆ ಅದು ಬೇಕಿಲ್ಲ.

ಅಸಿಟೋನ್. 20 ಡಿಗ್ರಿಯ ಕರಗುವಿಕೆ ಹೆಕ್ಸೇನ್ ಮತ್ತು ಎಥನಾಲ್ ನಡುವೆ. 56ಕ್ಕೆ ಕುದಿಯುತ್ತದೆ. ಸಿ ರೂಪದ ಒಳ್ಳೆ ಬಿಲ್ಲೆಗಳು ಬೇಕು, 35 ರಿಂದ 40 ಡಿಗ್ರಿಯಲ್ಲಿ ವಾಟರ್ ಬಾತ್ ಹಿಡಿದು ಬೆಳೆಸುತ್ತೇನೆ ಅನ್ನುವವರಿಗೆ ಇದು ಸರಿ. ಬ್ಯೂಟನೋನ್ ಸಿಕ್ಕರೆ ಇನ್ನೂ ಒಳ್ಳೆಯದು, 80 ರವರೆಗೆ ಕುದಿಯದೆ ಶಾಂತವಾಗಿರುತ್ತದೆ, ಹಳೆಯ ಎಷ್ಟೋ ಅಳತೆಗಳೂ ಅದರಲ್ಲೇ ಆಗಿವೆ, ಹೋಲಿಸಿ ನೋಡಬಹುದು. ಈಥೈಲ್ ಅಸಿಟೇಟ್ ಮಧ್ಯಮ, ವಿಶೇಷವಾಗಿ ಹೊಗಳುವುದಕ್ಕೂ ತೆಗಳುವುದಕ್ಕೂ ಏನಿಲ್ಲ.

ದ್ರಾವಕವೇ ಬೇಡ ಅನ್ನುವ ಆಯ್ಕೆಯೂ ಇದೆ, ಅದನ್ನು ಯಾರೂ ಯೋಚಿಸುವುದಿಲ್ಲ. ಸಿ ರೂಪದ ಪುಡಿ ಮಾತ್ರ ಸಾಕು, ಚಂದದ ಬಿಲ್ಲೆ ಬೇಡ ಅಂತಿದ್ದರೆ ಸುಮ್ನೆ 75 ಡಿಗ್ರಿಗೆ ಕರಗಿಸಿ ಆರಲು ಬಿಡಿ. ಕರಗಿದ ಸ್ಟಿಯರಿಕ್ ಆಸಿಡ್ ಗಟ್ಟಿಯಾಗುವುದು ಸಿ ರೂಪದಲ್ಲೇ. ದ್ರಾವಕದ ಖರ್ಚೂ ಇಲ್ಲ, ವಾಸನೆಯೂ ಇಲ್ಲ. ಪ್ರಾಜೆಕ್ಟಿನಲ್ಲಿ ಬಿ ಜೊತೆ ಹೋಲಿಸಲು ಇದನ್ನೇ ಸಿ ಸ್ಯಾಂಪಲ್ ಆಗಿ ಇಟ್ಟುಕೊಳ್ಳಬಹುದು.

ಮಳೆಗಾಲ, ಬೇಸಿಗೆ, ಮತ್ತು ತಂಪು ಮಾಡುವ ಉಪಾಯ

ಹರಳು ಬೆಳೆಸಲು ಎರಡು ದಾರಿ. ತಟ್ಟೆಯಲ್ಲಿ ಇಟ್ಟು ದ್ರಾವಕ ಹಾರಲು ಬಿಡುವುದು, ಇಲ್ಲವೇ ಮುಚ್ಚಿದ ಟ್ಯೂಬಿನಲ್ಲಿ ನಿಧಾನ ತಂಪು ಮಾಡುವುದು. ಒಣ ಹವೆಯ ಊರಿನಲ್ಲಿ ಮೊದಲನೆಯದು ನಡೆಯಬಹುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಮರೆತುಬಿಡಿ. ಅಸಿಟೋನ್ ಹಾರುವಾಗ ತಟ್ಟೆ ತಣ್ಣಗಾಗುತ್ತದೆ, ನಮ್ಮ ಗಾಳಿಯಲ್ಲಿರುವ ತೇವ ಅದರ ಮೇಲೆ ನೀರಾಗಿ ಇಳಿಯುತ್ತದೆ, ಆ ನೀರು ಅಸಿಟೋನಿಗೆ ಬೆರೆಯುತ್ತದೆ. ಸ್ಟಿಯರಿಕ್ ಆಸಿಡ್ಡಿಗೆ ನೀರು ಅಂದರೆ ಆಗದು. ಒಮ್ಮೆಲೇ ಹಾಲಿನ ಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ಚೂರುಗಳಾಗಿ ಬಿದ್ದುಬಿಡುತ್ತದೆ, ಕೋನ ಅಳೆಯಲು ಒಂದು ಬಿಲ್ಲೆಯೂ ಉಳಿಯುವುದಿಲ್ಲ. ಎಥನಾಲಿನಲ್ಲೂ ಹೀಗೇ. ಹೆಕ್ಸೇನ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಅಡಿಯಲ್ಲಿ ನೀರಿನ ಹನಿ ಕೂರುತ್ತದೆ. ಆಗುಂಬೆ ಕಡೆ ಮನೆಯಿಂದಲೇ ಬರುವ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ಬಟ್ಟೆ ಒಣಗದ ಊರಿನಲ್ಲಿ ತಟ್ಟೆಯ ವಿಧಾನ ನಡೆಯದು ಅಂತ ಅವರಿಗೇ ಗೊತ್ತು.

ಹಾಗಾಗಿ ಸ್ಕ್ರೂ ಮುಚ್ಚಳದ ದಪ್ಪ ಗಾಜಿನ ಟ್ಯೂಬೇ ಸರಿ. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ. ನಿಧಾನ ತಂಪು ಮಾಡಲು ದುಬಾರಿ ಯಂತ್ರ ಇಲ್ಲದಿದ್ದರೆ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ಸಾಕು. ಕರಗಲು ಬೇಕಾದಷ್ಟೇ ಬಿಸಿ ನೀರು ತುಂಬಿ, ಟ್ಯೂಬನ್ನು ಅದರಲ್ಲಿ ಇಳಿಸಿ, ಮುಚ್ಚಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಕರೆಂಟ್ ಹೋದರೂ ಇದಕ್ಕೇನೂ ಆಗುವುದಿಲ್ಲ. ಮನೆಯ ಬಚ್ಚಲ ಹಂಡೆಯ ನೀರೂ ಬೆಳಗಿನವರೆಗೆ ನಿಧಾನವಾಗಿ ಆರುತ್ತದಲ್ಲ ಅಂತ ಕೆಲವರಿಗೆ ಅನಿಸಬಹುದು. ದಯವಿಟ್ಟು ಬೇಡ. ಹಂಡೆಯ ಕೆಳಗೆ ಕೆಂಡ ಇರುತ್ತದೆ, ಹೆಕ್ಸೇನ್ ಅಸಿಟೋನ್ ಎರಡರ ಆವಿಯೂ ನೆಲದ ಮೇಲೆ ಹರಿದು ಹೋಗಿ ದೂರದ ಕೆಂಡಕ್ಕೂ ಹತ್ತಿಕೊಳ್ಳುತ್ತದೆ. ದ್ರಾವಕ ಲ್ಯಾಬಿನ ಹೊರಗೆ ಹೋಗಲೇಬಾರದು.

ಬೇಸಿಗೆಯಲ್ಲಿ ಬಿ ಬೇಕು ಅಂದರೆ ತೊಂದರೆ ಉಲ್ಟಾ. ರೂಮೇ 34 ಇದ್ದರೆ ಫ್ಲಾಸ್ಕ್ ಗಡಿಯ ಕೆಳಗೆ ಇಳಿಯುವುದೇ ಇಲ್ಲ. ಆಗ ಒಂದು ಮಣ್ಣಿನ ಮಡಕೆ ತಂದು ನೀರು ತುಂಬಿಡಿ. ಏಪ್ರಿಲ್ ಗಾಳಿ ಒಣಗಿರುವುದರಿಂದ ಮಡಕೆಯ ನೀರು ರೂಮಿಗಿಂತ ಎಷ್ಟೋ ಡಿಗ್ರಿ ತಂಪಾಗಿರುತ್ತದೆ, 32ಕ್ಕಿಂತ ಆರಾಮಾಗಿ ಕೆಳಗೆ. ಮುಚ್ಚಿದ ಟ್ಯೂಬನ್ನು ಅದರಲ್ಲಿ ಇಳಿಬಿಡಿ. ಮಳೆಗಾಲದಲ್ಲಿ ಮಡಕೆ ತಂಪು ಮಾಡುವುದಿಲ್ಲ, ಗಾಳಿಯೇ ಒದ್ದೆ. ಆದರೆ ಆಗ ರೂಮೇ 25 ಆಸುಪಾಸಿನಲ್ಲಿ ಇರುವುದರಿಂದ ಬೇಕಾಗುವುದೂ ಇಲ್ಲ. ಫ್ರಿಜ್ಜಿನಲ್ಲಿ ಇಟ್ಟುಬಿಡೋಣ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ. ದಿಢೀರ್ ತಂಪಾಗಿ ರೂಪಗಳು ಬೆರೆಯುತ್ತವೆ, ಮನೆ ಫ್ರಿಜ್ಜಿನ ಒಳಗೆ ಕಿಡಿ ಹಾರುವ ಸ್ವಿಚ್ ಇರುವುದರಿಂದ ದ್ರಾವಕದ ಆವಿಗೆ ಅದು ಅಪಾಯವೂ ಹೌದು.

ಸೇರ್ಪಡೆಗಳು

ಮೊದಲ ಸೇರ್ಪಡೆ ನೀವು ಹಾಕದೆಯೇ ಬಂದಿರುತ್ತದೆ. ಮೇಣದಬತ್ತಿಗೆ, ಕ್ರೀಮಿಗೆ ಅಂತ ಮಾರುವ ಟ್ರಿಪಲ್ ಪ್ರೆಸ್ಡ್ ಸ್ಟಿಯರಿಕ್ ಆಸಿಡ್ ನಿಜವಾಗಿ ಸ್ಟಿಯರಿಕ್ ಮತ್ತು ಪಾಮಿಟಿಕ್ ಹೆಚ್ಚುಕಡಿಮೆ ಅರ್ಧರ್ಧ. ಪರೀಕ್ಷೆ ಸುಲಭ. ಶುದ್ಧ ಸ್ಟಿಯರಿಕ್ 69 ಡಿಗ್ರಿಯಲ್ಲಿ ಕರಗುತ್ತದೆ, ಶುದ್ಧ ಪಾಮಿಟಿಕ್ 63 ರಲ್ಲಿ, ಈ ಬೆರಕೆ ಮಾತ್ರ ಎರಡಕ್ಕಿಂತಲೂ ಕೆಳಗೆ, 55 ಆಸುಪಾಸಿನಲ್ಲೇ ಕರಗಿಬಿಡುತ್ತದೆ. ಅದನ್ನು ತಂದು ಬಿ, ಸಿ ಅಂತ ಹುಡುಕಿದರೆ ಮೇಲೆ ಹೇಳಿದ ಯಾವ ಅಂಕಿಯೂ ಹೊಂದುವುದಿಲ್ಲ. ಕರಗುವ ಬಿಂದು ನೋಡದೆ ಯಾವ ಪ್ರಯೋಗವನ್ನೂ ಶುರು ಮಾಡಬೇಡಿ.

ಇನ್ನು ಬೇಕಂತಲೇ ಹಾಕುವ ಸೇರ್ಪಡೆ. ಅದು ಕೆಲಸ ಮಾಡುವ ಬಗೆ ಗೊತ್ತಾದರೆ ಯಾವುದನ್ನು ಆರಿಸಬೇಕು ಅನ್ನೋದೂ ಗೊತ್ತಾಗುತ್ತದೆ. ಸ್ಟಿಯರಿಕ್ ಬಿಲ್ಲೆಯ ಅಗಲವಾದ ಮೇಲ್ಮೈಯಲ್ಲಿ ಇರುವುದು ಸರಪಳಿಯ ಬಾಲಗಳ ತುದಿ. ಬೆಳವಣಿಗೆ ಆಗುವುದು ಪಕ್ಕದ ಅಂಚುಗಳಲ್ಲಿ. ಸ್ಟಿಯರಿಕ್‌ನದೇ ಬಾಲ ಇರುವ, ಆದರೆ ತಲೆ ದಪ್ಪಗಿರುವ ಅಣುವನ್ನು ಹಾಕಿದರೆ ಬಾಲ ಅಂಚಿನಲ್ಲಿ ಸಲೀಸಾಗಿ ಕೂರುತ್ತದೆ, ದಪ್ಪ ತಲೆ ಹೊರಗೆ ಚಾಚಿಕೊಂಡು ಮುಂದಿನ ಅಣುವಿಗೆ ಜಾಗ ಕೊಡುವುದಿಲ್ಲ. ಅಂಚಿನ ಬೆಳವಣಿಗೆ ಕುಂಟುತ್ತದೆ. ಹಾಗಾಗಿ ಬಾಲ ಹೊಂದುವಂಥ ಸೇರ್ಪಡೆಗೆ ಬಲ ಜಾಸ್ತಿ.

ಇದಕ್ಕೆ ಸರಿಯಾಗಿ ಹೊಂದುವುದು ಸೋರ್ಬಿಟಾನ್ ಮಾನೋಸ್ಟಿಯರೇಟ್, ಸ್ಪಾನ್ 60 ಅಂತ ಸಿಗುವುದು. ಬಾಲ ಸ್ಟಿಯರಿಕ್‌ನದೇ, ತಲೆ ಸಕ್ಕರೆ ಮೂಲದ್ದು, ಎಣ್ಣೆಯತ್ತ ಒಲವಿರುವುದರಿಂದ ಬೆಚ್ಚಗಿನ ಹೆಕ್ಸೇನಿಗೂ ಹೊಂದುತ್ತದೆ. ಟ್ವೀನ್ 60 ಅಥವಾ ಟ್ವೀನ್ 80 ನೀರಿನತ್ತ ಒಲವಿರುವವು, ಹೆಕ್ಸೇನಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಮೋಡ ಮುಸುಕಿದಂತಾಗುತ್ತದೆ. ಎಥನಾಲ್ ಜೊತೆಯಾದರೆ ಟ್ವೀನ್ ಪರವಾಗಿಲ್ಲ. ಪ್ರಮಾಣ? ಆಸಿಡ್ ತೂಕದ ಶೇಕಡಾ ಅರ್ಧದಿಂದ ಶುರು ಮಾಡಿ, ಒಂದರ ಮೇಲೆ ಹೋಗುವ ಮುಂಚೆ ಸೇರ್ಪಡೆ ಮಾತ್ರ ಹಾಕಿದ, ಆಸಿಡ್ ಇಲ್ಲದ ಟ್ಯೂಬ್ ಒಂದನ್ನು ತಂಪು ಮಾಡಿ ನೋಡಿ. ಸ್ಪಾನ್ 60 ಜಾಸ್ತಿಯಾದರೆ ಹೈಡ್ರೋಕಾರ್ಬನ್ ದ್ರಾವಕವನ್ನೇ ಜೆಲ್ ಮಾಡುವ ಗುಣ ಅದಕ್ಕಿದೆ. ಟ್ಯೂಬ್ ಪೂರ್ತಿ ಲೋಳೆಯಾಗಿ ನಿಂತರೆ ಅದನ್ನು ಹರಳು ಅಂತ ತಿಳಿಯಬೇಡಿ.

ಸಾಬೂನಿನ ಅಂಶ, ಅಂದರೆ ಸೋಡಿಯಂ ಸ್ಟಿಯರೇಟ್, ಬೇಡವೇ ಬೇಡ. ಆಸಿಡ್ಡೂ ಅದರ ಸಾಬೂನೂ ಸೇರಿ ಆಸಿಡ್-ಸೋಪ್ ಅನ್ನುವ ಬೇರೆಯೇ ವಸ್ತು ಆಗುತ್ತದೆ. ಅದು ಸ್ಟಿಯರಿಕ್ ಆಸಿಡ್ಡಿನ ಇನ್ನೊಂದು ರೂಪ ಅಲ್ಲ. ಗಾಜಿನ ಪಾತ್ರೆ ತೊಳೆದ ಸೋಪು ಸರಿಯಾಗಿ ಹೋಗದಿದ್ದರೂ ಈ ಕಾಟ ಶುರು. ಯೂರಿಯಾ ಹಾಕುವ ಯೋಚನೆ ಇದ್ದರೆ ಅದೂ ಇಲ್ಲಿಗೆ ಹೊಂದುವುದಿಲ್ಲ. ಯೂರಿಯಾ ತನ್ನದೇ ಹರಳಿನೊಳಗೆ ಕೊಳವೆ ಮಾಡಿ ನೇರ ಸರಪಳಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ನೇರ ಸರಪಳಿಯ ಆಸಿಡ್‌ಗಳನ್ನು ಉಳಿದವುಗಳಿಂದ ಬೇರೆ ಮಾಡಲು ಅದು ಚೆನ್ನಾಗಿದೆ, ರೂಪ ಆರಿಸಲು ಅಲ್ಲ.

ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆ ಸೇರ್ಪಡೆ ಬೀಜ. ಕೋನ ಅಳೆದು ಬಿ ಅಂತ ಖಾತ್ರಿಯಾದ ಹರಳಿನ ಚಿಟಿಕೆ ಪುಡಿಯನ್ನು 28, 29 ಡಿಗ್ರಿಯ ತುಸು ದಟ್ಟ ದ್ರಾವಣಕ್ಕೆ ಹಾಕಿದರೆ ಎಥನಾಲಿನಲ್ಲೂ ಬಿ ಬೆಳೆಯುತ್ತದೆ. ಆಗ ದ್ರಾವಕದ ಒಲವನ್ನು ನೆಚ್ಚಿ ಕೂರುವ ಪ್ರಮೇಯವೇ ಇಲ್ಲ. ಸ್ಪಾನ್ ಹಾಕಿದ್ದಕ್ಕೂ ಹಾಕದ್ದಕ್ಕೂ ಹೋಲಿಕೆ ಮಾಡುವಾಗ ಎರಡಕ್ಕೂ ಒಂದೇ ಬೀಜ ಹಾಕಿ, ಆಗಲೇ ಸೇರ್ಪಡೆಯ ನಿಜವಾದ ಪ್ರಭಾವ ಕಾಣುವುದು.

ಮುರುಗಲ ತುಪ್ಪದವರಿಗೆ ಒಂದು ಮಾತು

ಸಾಗರ, ಹೊಸನಗರ ಕಡೆ ಮುರುಗಲ ಬೀಜದ ಕೊಬ್ಬಿನಿಂದ ಲಿಪ್ ಬಾಮ್, ಕಾಲಿನ ಒಡಕಿಗೆ ಮುಲಾಮು ಮಾಡುವವರು ಈಗ ಜಾಸ್ತಿ. ಅವರೂ ಇದೇ ಪ್ರಶ್ನೆ ಕೇಳುತ್ತಾರೆ, ಬೇರೆ ಮಾತಿನಲ್ಲಿ: ಒಂದು ಸಲ ನಯವಾಗಿ ಬರುತ್ತದೆ, ಇನ್ನೊಂದು ಸಲ ತರಿತರಿ, ಯಾಕೆ? ಇಲ್ಲಿ ದ್ರಾವಕವೇ ಇಲ್ಲ, ಆದರೆ ನಿಯಮ ಅದೇ. ಮುರುಗಲ ಕೊಬ್ಬಿನ ಹೆಚ್ಚಿನ ಪಾಲು ಎರಡು ಸ್ಟಿಯರಿಕ್, ನಡುವೆ ಒಂದು ಓಲಿಯಿಕ್ ಇರುವ ಕೊಬ್ಬು. ಈ ಕೊಬ್ಬಿಗೆ ಐದು ರೂಪಗಳು. ತೀರಾ ಅಸ್ಥಿರವಾದದ್ದು 23.5 ಡಿಗ್ರಿಯಲ್ಲಿ ಕರಗಿದರೆ, ಎಲ್ಲಕ್ಕಿಂತ ಸ್ಥಿರವಾದದ್ದು 43 ರಲ್ಲಿ. ಬಾಮ್ ಡಬ್ಬಿ ಬೇಸಿಗೆಯಲ್ಲಿ ಕಾರಿನಲ್ಲಿ ಅರೆಬರೆ ಕರಗಿ ಮತ್ತೆ ನಿಧಾನ ಗಟ್ಟಿಯಾದರೆ ದೊಡ್ಡ ಹರಳು ಬೆಳೆದು ತರಿಯಾಗುತ್ತದೆ. ಪೂರ್ತಿ ಕರಗಿಸಿ, ಗಟ್ಟಿಯಾಗಲು ಶುರುವಾದಾಗ ಚೆನ್ನಾಗಿ ಕದಡಿ, ಹಿಂದಿನ ಒಳ್ಳೆ ಬ್ಯಾಚಿನ ತುರಿ ಸ್ವಲ್ಪ ಬೀಜವಾಗಿ ಹಾಕಿ ಹೊಯ್ಯಿರಿ. ಸೇರ್ಪಡೆ ಬೇಕೇ ಬೇಕು ಅಂದರೆ ಸೋರ್ಬಿಟಾನ್ ಟ್ರೈಸ್ಟಿಯರೇಟ್ ಇದೆ, ಚಾಕೊಲೇಟ್ ಮೇಲೆ ಬಿಳಿ ಬೂದಿ ಮೂಡದಿರಲಿ ಅಂತ ಬಳಸುವುದು. ರೂಪ ಬದಲಾಗುವುದನ್ನು ಅದು ನಿಧಾನ ಮಾಡುತ್ತದೆ. ಮನೆ ಮಟ್ಟದ ಕೆಲಸಕ್ಕೆ ಬೀಜ ಮತ್ತು ಕದಡುವುದೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ಒಣಗಿಸುವಾಗ

ಲ್ಯಾಬಿನವರಿಗೆ ಕೊನೆಯ ವಿಷಯ, ಇದರಲ್ಲೇ ಎಷ್ಟೋ ಒಳ್ಳೆ ಸ್ಯಾಂಪಲ್ ಹಾಳಾಗುವುದು. ಕಷ್ಟಪಟ್ಟು ಬೆಳೆಸಿದ ಬಿ ಹರಳನ್ನು ಸೋಸಿ, ಮಳೆಗಾಲ ಅಲ್ವಾ ಬೇಗ ಒಣಗಲಿ ಅಂತ 60 ಡಿಗ್ರಿಯ ಓವನ್ನಿನಲ್ಲಿ ಇಟ್ಟರೆ ಅದು ಒಳಗೇ ಸಿ ಆಗಿಬಿಡುತ್ತದೆ. ಒಣ ಹರಳಿನಲ್ಲಿ ಬಿ ಸಿ ಆಗುವುದು 50 ಡಿಗ್ರಿ ಆಸುಪಾಸಿನಲ್ಲಿ, ಮತ್ತೆ ತಂಪು ಮಾಡಿದರೆ ವಾಪಸ್ ಬರುವುದಿಲ್ಲ. ಡಿಎಸ್‌ಸಿ ಯಂತ್ರದ (ಬಿಸಿ ಮಾಡುತ್ತಾ ಹರಳು ಎಷ್ಟು ಶಾಖ ಹೀರುತ್ತದೆ ಅಂತ ಅಳೆಯುವುದು) ಗ್ರಾಫಿನಲ್ಲಿ ಬಿ ಹರಳಿಗೆ 69ರ ದೊಡ್ಡ ಗುಂಡಿಗಿಂತ ಮುಂಚೆ ಕಾಣುವ ಸಣ್ಣ ಗುಂಡಿ ಇದೇ. ನಿಮ್ಮ ಗ್ರಾಫಿನಲ್ಲಿ ಆ ಸಣ್ಣದು ಕಾಣಲೇ ಇಲ್ಲ ಅಂದರೆ ದ್ರಾವಕವನ್ನು ಬೈಯುವ ಮುಂಚೆ ಓವನ್ ದಾಖಲೆ ನೋಡಿ. ತಣ್ಣನೆ ಹೆಪ್ಟೇನಿನಿಂದ ಒಂದು ಸಲ ತೊಳೆದು, ಫಿಲ್ಟರ್ ಪೇಪರ್ ಮಧ್ಯೆ ಒತ್ತಿ, ಡೆಸಿಕೇಟರಿನಲ್ಲಿ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಗಾಜಿನ ಪಾತ್ರೆ) ರೂಮಿನ ಉಷ್ಣತೆಯಲ್ಲೇ ಬಿಡಿ. ಸಿಲಿಕಾ ಜೆಲ್ ಮಳೆಗಾಲದಲ್ಲಿ ಬೇಗ ತೇವ ಕುಡಿಯುತ್ತದೆ, ಅದರ ನೀಲಿ ಬಣ್ಣ ಗುಲಾಬಿಗೆ ತಿರುಗಿದರೆ ಓವನ್ನಿಗೆ ಹೋಗಬೇಕಾದ್ದು ಜೆಲ್, ಹರಳಲ್ಲ.